ಪೀಠಿಕೆಯಲ್ಲೇ ಸಿಕ್ಕಿಕೊಂಡವರಿಗೆ

ಯುಪಿಎಸ್‌ಸಿ ಮೇನ್ಸ್ (ನಾಗರಿಕ ಸೇವೆಗಳ ಮುಖ್ಯ ಪರೀಕ್ಷೆ) ಉತ್ತರ ಬರೆಯಲು ಕೂತರೆ ಪೀಠಿಕೆಯನ್ನೇ ಹೊಡೆದುಹಾಕಿ ಮತ್ತೆ ಮತ್ತೆ ಬರೀತೀರಿ, ಕೊನೆಗೆ "ಇನ್ನಷ್ಟು ಓದಿ ಬರೆಯೋಣ" ಅಂತ ಎದ್ದುಬಿಡ್ತೀರಿ ಅಂದಿದ್ದೀರಿ. ಲೆಕ್ಕ ನೋಡಿ: ಸಾಮಾನ್ಯ ಅಧ್ಯಯನದ ಮೊದಲ ಮೂರು ಪತ್ರಿಕೆಗಳಿಗೆ ತಲಾ 3 ಗಂಟೆ, 20 ಪ್ರಶ್ನೆ. 10 ಅಂಕದ್ದಕ್ಕೆ 7 ನಿಮಿಷ, 15ರದ್ದಕ್ಕೆ 11. ಬಿಟ್ಟ ಪ್ರಶ್ನೆಗೆ ಸೊನ್ನೆ, ಸಾಧಾರಣ ಉತ್ತರಕ್ಕೆ ಒಂದಷ್ಟಾದರೂ ಅಂಕ.

ಮೊಬೈಲಲ್ಲಿ 7 ನಿಮಿಷಕ್ಕೆ ಅಲಾರಂ ಇಡಿ. ಮೊದಲ ನಿಮಿಷ ಅಂಚಿನಲ್ಲಿ ನಾಲ್ಕು ಅಂಶ ಗೀಚಿಕೊಳ್ಳಿ. ಪೀಠಿಕೆಗೆ ಎರಡು ಸಾಲು ಖಾಲಿ ಬಿಟ್ಟು ನೇರ ಮೊದಲ ಅಂಶಕ್ಕೆ ಬನ್ನಿ. ಉಳಿದದ್ದು ಬರೆದಾದ ಮೇಲೆ ಪೀಠಿಕೆ ತಾನಾಗಿ ಹೊಳೆಯುತ್ತೆ. ಅಲಾರಂ ಹೊಡೆದಾಗ ವಾಕ್ಯ ಅರ್ಧಕ್ಕಿದ್ದರೂ ಪೆನ್ನು ಕೆಳಗಿಡಿ. ತಿದ್ದುವುದು ಮರುದಿನ, ಅದೂ ಒಂದೇ ಕೊರತೆ ಗುರುತಿಸಿ. ಅದೇ ಉತ್ತರವನ್ನು ಮತ್ತೆ ಬರೆಯಲೇಬೇಡಿ, ಹಳೇ ಚಟ ಅಲ್ಲೇ ಮರಳುತ್ತೆ. ಆ ಕೊರತೆಯನ್ನು ಮುಂದಿನ ಹೊಸ ಪ್ರಶ್ನೆಯಲ್ಲಿ ಸರಿಪಡಿಸಿ.