ಆಲೆಮನೆ ಬಗ್ಗೆ ಡಿಸರ್ಟೇಶನ್ ಬರೆಯೋಕೆ ಎಐ ಬಳಸಬಹುದಾ?

ಮಂಡ್ಯದಲ್ಲಿ ಕಬ್ಬಿನಿಂದ ಬೆಲ್ಲ ಮಾಡುವ ಆಲೆಮನೆಗಳ ಮೇಲೆ ಎಂ.ಎ. ಡಿಸರ್ಟೇಶನ್ ಮಾಡುತ್ತಿದ್ದೀರಿ, ಚಾಟ್‌ಜಿಪಿಟಿ ಬಳಸಿದರೆ ಗೈಡ್ ಬೈತಾರಾ ಅಂತ ಕೇಳಿದ್ದೀರಿ. ನಾನು ಮಾನಸಗಂಗೋತ್ರಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ನನ್ನ ವಿಷಯವೂ ಕಬ್ಬೇ. ಧಾರಾಳವಾಗಿ ಬಳಸಿ. ಆದರೆ ಯಾವ ಕೆಲಸಕ್ಕೆ ಬಳಸುತ್ತೀರಿ ಅಂತ ಗೈಡ್‌ಗೆ ಮೊದಲೇ ಹೇಳಿಬಿಡಿ.

ಓದೋದಕ್ಕೆ ಇದರಿಂದ ತುಂಬಾ ಅನುಕೂಲ. ಕನ್ನಡ ಮೀಡಿಯಂನಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಪೇಪರ್‌ನ ಮೊದಲ ಪುಟ ದಾಟೋದೇ ಕಷ್ಟ, ಅಲ್ವಾ? ಒಂದು ಟೇಬಲ್ ಹಾಕಿ, ಈ ಸಾಲು ಏನು ಹೇಳುತ್ತಿದೆ ಅಂತ ಕನ್ನಡದಲ್ಲೇ ಕೇಳಿ. ಬಿಡಿಸಿ ಹೇಳುತ್ತದೆ. ಆಮೇಲೆ ಮೂಲ ಪೇಪರ್‌ಗೆ ವಾಪಸ್ ಹೋಗಿ, ಹೇಳಿದ್ದು ಸರಿಯಿದೆಯಾ ನೋಡಿ.

ರೆಫರೆನ್ಸ್ ವಿಷಯದಲ್ಲಿ ಮಾತ್ರ ನಂಬಬೇಡಿ. ಲೇಖಕರ ಹೆಸರು, ವರ್ಷ, ಜರ್ನಲ್, ಪುಟ ಸಂಖ್ಯೆ ಎಲ್ಲಾ ಜೋಡಿಸಿ, ಎಲ್ಲೂ ಇಲ್ಲದ ಪೇಪರನ್ನೂ ಕೊಟ್ಟುಬಿಡುತ್ತದೆ. ಗೂಗಲ್ ಸ್ಕಾಲರ್‌ನಲ್ಲಿ, ಭಾರತದ ವಿವಿಗಳ ಥೀಸಿಸ್‌ಗಳನ್ನು ಇಟ್ಟಿರುವ ಶೋಧಗಂಗಾ ವೆಬ್‌ಸೈಟ್‌ನಲ್ಲಿ ನೀವೇ ಹುಡುಕಿ. ಮೈಸೂರು ವಿವಿಯ ಥೀಸಿಸ್‌ಗಳೂ ಶೋಧಗಂಗಾದಲ್ಲಿ ಪುಕ್ಕಟೆ ಸಿಗುತ್ತವೆ. ತೆರೆದು ಓದಿದ್ದನ್ನು ಮಾತ್ರ ಪಟ್ಟಿಗೆ ಸೇರಿಸಿ.

ನಿಮ್ಮ ವಿಷಯಕ್ಕೆ ಇನ್ನೊಂದು ತೊಡಕಿದೆ. ಮಂಡ್ಯಕ್ಕೆ ಕಬ್ಬು ಹೇಗೆ ಬಂತು ಅಂತ ಕೇಳಿದರೆ ಕೆಆರ್‌ಎಸ್, ವಿಶ್ವೇಶ್ವರಯ್ಯ ನಾಲೆ, 1933ರ ಸಕ್ಕರೆ ಕಂಪನಿ ಅಂತ ಹೇಳುತ್ತದೆ. ಸರಿಯೇ, ಆದರೆ ಅದು ನಿಮ್ಮ ಗೈಡ್‌ಗೂ ಗೊತ್ತು. ಫ್ಯಾಕ್ಟರಿ ಇದ್ದೂ ಒಬ್ಬ ರೈತ ಯಾಕೆ ಆಲೆಮನೆಗೆ ಕಬ್ಬು ಹಾಕುತ್ತಾನೆ? ಫ್ಯಾಕ್ಟರಿಗಾದರೆ ಕಟಾವಿಗೆ ಕಾಯಬೇಕು ಅಂತಲಾ, ಕೈಗೆ ಬೇಗ ದುಡ್ಡು ಬೇಕು ಅಂತಲಾ, ಆಲೆಮನೆಯವರ ಹತ್ತಿರ ಮುಂಗಡ ತಗೊಂಡಿದ್ದಕ್ಕಾ? ಇದು ಊರಿಂದ ಊರಿಗೆ ಬೇರೆ ಇರುತ್ತದೆ. ಕೊಪ್ಪರಿಗೆ ಪಕ್ಕ ಕೂತು ಕೇಳಿದರೇನೇ ಗೊತ್ತಾಗೋದು. ನಿಮ್ಮ ಡಿಸರ್ಟೇಶನ್‌ಗೆ ಬೆಲೆ ಬರೋದು ಆ ಅಧ್ಯಾಯದಿಂದ. ಅದನ್ನು ಯಂತ್ರದ ಕೈಲಿ ಬರೆಸಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಸಂದರ್ಶನದ ರೆಕಾರ್ಡಿಂಗನ್ನು ಬರಹಕ್ಕೆ ಇಳಿಸೋಕೆ ಬಳಸಬಹುದು, ಸಮಯ ಉಳಿಯುತ್ತದೆ. ಆದರೆ ಮಂಡ್ಯದ ಮಾತನ್ನು ಅದು ಸರಿಯಾಗಿ ಹಿಡಿಯೋದಿಲ್ಲ. ನನ್ನ ಒಂದು ರೆಕಾರ್ಡಿಂಗ್‌ನಲ್ಲಿ ರೈತರು 'ಕೂಳೆಗೆ ಖರ್ಚು ಕಮ್ಮಿ' ಅಂದಿದ್ದು 'ಕೂಲಿಗೆ ಖರ್ಚು ಕಮ್ಮಿ' ಅಂತ ಬಂದಿತ್ತು. ಅವರು ಹೇಳಿದ್ದು ಕಟಾವಾದ ಮೇಲೆ ಮತ್ತೆ ಚಿಗುರುವ ಕೂಳೆ ಕಬ್ಬಿನ ವಿಷಯ. ಹಾಗೇ ಬಿಟ್ಟಿದ್ದರೆ ಕೂಲಿಯ ಲೆಕ್ಕವೇ ಉಲ್ಟಾ ಆಗುತ್ತಿತ್ತು. ಹಾಗಾಗಿ ಆಡಿಯೋ ಕೇಳಿಕೊಂಡು ಒಂದೊಂದು ಸಾಲನ್ನೂ ತಾಳೆ ನೋಡಿ.

ಇನ್ನು ಕಾಪಿ ಹೊಡೆಯೋ ವಿಷಯ. ಯುಜಿಸಿಯ 2018ರ ನಿಯಮದ ಪ್ರಕಾರ ಬೇರೆಯವರ ಬರಹದ ಜೊತೆ ಹೋಲಿಕೆ ಶೇ. 10ರ ಒಳಗಿದ್ದರೆ ದಂಡವಿಲ್ಲ. ಎಐ ಕೈಲಿ ವಾಕ್ಯ ತಿರುಗಿಸಿ ಆ ಸಂಖ್ಯೆ ಇಳಿಸೋರಿದ್ದಾರೆ. ವೈವಾದಲ್ಲಿ (ಮೌಖಿಕ ಪರೀಕ್ಷೆ) ಎರಡು ಪ್ರಶ್ನೆ ಕೇಳಿದರೆ ಗೊತ್ತಾಗಿಬಿಡುತ್ತದೆ.

ಇನ್ನೊಂದು ಮಾತು: ರೈತರು ಸಾಲದ ವಿಷಯವನ್ನೂ ಮನಸ್ಸು ಬಿಚ್ಚಿ ಹೇಳುತ್ತಾರೆ. ಅವರನ್ನು ಕೇಳದೆ ಯಾವ ರೆಕಾರ್ಡಿಂಗನ್ನೂ ಅಪ್‌ಲೋಡ್ ಮಾಡಬೇಡಿ. ಹೆಸರು, ಊರು, ಫೋನ್ ನಂಬರ್ ಬರುವ ಭಾಗವನ್ನು ಮೊದಲೇ ಕತ್ತರಿಸಿ.