ಹೈಸ್ಕೂಲ್ ಮಕ್ಕಳಿಗೆ ಸುಳ್ಳು ಸುದ್ದಿ ಗುರುತಿಸೋದು ಹೇಗೆ ಕಲಿಸೋದು? ನೆಟ್ ಇಲ್ಲ, ಮೊಬೈಲ್ ತರುವಂತಿಲ್ಲ

ನೀವು ಕುಮಟಾ ಕಡೆಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೀರಿ. ಎಂಟು, ಒಂಬತ್ತನೇ ಕ್ಲಾಸಿನವರಿಗೆ ಸುದ್ದಿ ನೋಡುವುದು ಹೇಗೆ, ಸುಳ್ಳು ಗುರುತಿಸುವುದು ಹೇಗೆ ಅಂತ ಹೇಳಿಕೊಡಬೇಕು. ಶಾಲೆಗೆ ಮೊಬೈಲ್ ತರುವಂತಿಲ್ಲ, ಕಂಪ್ಯೂಟರ್ ಇದ್ದರೂ ನೆಟ್ ಇಲ್ಲ. ಎಲ್ಲಿಂದ ಶುರು ಮಾಡಲಿ ಅಂತ ನಿಮ್ಮ ಪ್ರಶ್ನೆ. ನಾನು ಕಾರವಾರ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಅದೇ ವಿಷಯದ ಮಾಸ್ತರ. ಕೆಲವು ವರ್ಷದಿಂದ ಇದನ್ನು ಮಾಡುತ್ತಾ ಬಂದಿದ್ದೇನೆ, ಅದರ ಮೇಲೆ ಹೇಳುತ್ತೇನೆ.

ನೆಟ್ ಇಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ದೆಹಲಿಯ ಸುದ್ದಿ, ಅಮೆರಿಕದ ಸುದ್ದಿ ಸದ್ಯಕ್ಕೆ ಬೇಡ. ಅದು ನಿಜವೋ ಸುಳ್ಳೋ ಅಂತ ತಿಳಿಯಲು ಮಕ್ಕಳು ಮತ್ತೆ ಇನ್ಯಾರದೋ ಮಾತನ್ನೇ ನಂಬಬೇಕಾಗುತ್ತದೆ. ಸೈಕಲ್ ಹತ್ತಿ ಹೋಗಿ ವಿಚಾರಿಸಿ ಬರಬಹುದಾದ ಸುದ್ದಿಯಿಂದ ಶುರು ಮಾಡಿ.

ಮಳೆಗಾಲದ ರಜೆ ಮೆಸೇಜು ಇದಕ್ಕೆ ಹೇಳಿ ಮಾಡಿಸಿದಂತಿದೆ. ಜುಲೈ ಬಂತೆಂದರೆ ರಾತ್ರಿ ಊಟದ ಹೊತ್ತಿಗೆ ನಮ್ಮ ಜಿಲ್ಲೆಯಲ್ಲಿ ಎಲ್ಲರ ಕಣ್ಣೂ ವಾಟ್ಸಾಪ್ ಗ್ರೂಪಿನ ಮೇಲೆ. ಜಿಲ್ಲಾಧಿಕಾರಿ ಆದೇಶ ಬಂತಾ, ಇಲ್ವಾ? ಅಸಲಿ ಆದೇಶದ ಜೊತೆಗೆ ಹೋದ ವರ್ಷದ್ದು, ಪಕ್ಕದ ಜಿಲ್ಲೆಯದ್ದು, ತಾರೀಖು ತಿದ್ದಿದ್ದು ಎಲ್ಲ ಸೇರಿಕೊಂಡು ಬರುತ್ತವೆ. ಅಂಥ ತಿದ್ದಿದ ಆದೇಶ ಒಂದನ್ನು ಅಸಲಿಯ ಜೊತೆ ಜೆರಾಕ್ಸ್ ಮಾಡಿಸಿ ಬೆಂಚಿಗೊಂದರಂತೆ ಕೊಟ್ಟೆ. ‘ಯಾವುದು ಸುಳ್ಳು ಅಂತ ಹೇಳಬೇಡಿ. ಏನೇನು ನೋಡಿದರೆ ಗೊತ್ತಾಗುತ್ತೆ ಅದನ್ನು ಹೇಳಿ’ ಅಂದೆ. ಮೊದಲು ತಾಲೂಕಿನ ಹೆಸರು ಹುಡುಕಿದರು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳಕ್ಕೆ ಮಾತ್ರ ರಜೆ ಕೊಟ್ಟ ದಿನ ಶಿರಸಿ, ಸಿದ್ದಾಪುರದ ಮಕ್ಕಳು ಶಾಲೆಗೆ ಹೋಗಿರುತ್ತಾರೆ, ಇದು ಅವರಿಗೆ ಚೆನ್ನಾಗಿ ಗೊತ್ತು. ಅಂಗನವಾಡಿ ಸೇರಿದೆಯಾ, ಪಿಯು ಕಾಲೇಜು ಸೇರಿದೆಯಾ ನೋಡಿದರು. ತಾರೀಖಿನ ಅಂಕಿ ಮಾತ್ರ ಉಳಿದ ಅಕ್ಷರಕ್ಕಿಂತ ದಪ್ಪ ಇತ್ತು, ಅದನ್ನೂ ಒಬ್ಬ ಹಿಡಿದ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಗೋಡೆಯ ಕ್ಯಾಲೆಂಡರ್ ನೋಡಿ, ‘ಸರ್, ಅವತ್ತು ಭಾನುವಾರ’ ಅಂದಳು. ಭಾನುವಾರಕ್ಕೆ ರಜೆ ಕೊಟ್ಟ ಪುಣ್ಯಾತ್ಮ ಯಾರಿರಬಹುದು ಅಂತ ಕ್ಲಾಸಿಗೆ ಕ್ಲಾಸೇ ನಕ್ಕಿತು.

ಅಲ್ಲಿಗೇ ನಿಲ್ಲಿಸಬೇಡಿ. ಅಕ್ಷರ ದಪ್ಪ, ಕಾಗುಣಿತ ತಪ್ಪು, ಸೀಲು ಸೊಟ್ಟ, ಇವೆಲ್ಲ ಕೆಲಸ ಬಾರದವನು ತಿದ್ದಿದ್ದರೆ ಮಾತ್ರ ಸಿಗುತ್ತವೆ. ಎಐ ಚಿತ್ರದಲ್ಲಿ ಕೈಬೆರಳು ಎಣಿಸಿ ಅಂತ ಹೇಳಿಕೊಡುತ್ತಿದ್ದರಲ್ಲ, ಈಗ ಬೆರಳು ಸರಿಯಾಗಿಯೇ ಇರುತ್ತವೆ. ಹಾಗಾಗಿ ಮುಂದಿನ ಪ್ರಶ್ನೆ ಮುಖ್ಯ: ಈ ಕಾಗದವನ್ನು ಬದಿಗಿಟ್ಟು ಇನ್ನೆಲ್ಲಿ ಕೇಳಬಹುದು? ಜಿಲ್ಲಾಡಳಿತದ ಪುಟ, ವಾರ್ತಾ ಇಲಾಖೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸು, ಕೊನೆಗೆ ಹೆಡ್‌ಮಾಸ್ತರಿಗೊಂದು ಫೋನು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ಇತಿಹಾಸದ ಪ್ರೊಫೆಸರುಗಳೂ ವಿದ್ಯಾರ್ಥಿಗಳೂ ವೆಬ್ ಪುಟವನ್ನೇ ಮೇಲಿಂದ ಕೆಳಗೆ ಓದುತ್ತಾ, ಅನೇಕ ಸಲ ಅದರ ಅಂದ ಚೆಂದಕ್ಕೆ ಮರುಳಾದರು. ಸುದ್ದಿ ಪರಿಶೀಲನೆಯನ್ನೇ ಕಸುಬು ಮಾಡಿಕೊಂಡವರು ಬೇಗ ಆ ಪುಟ ಬಿಟ್ಟು ಹೊರಗೆ ಹೋಗಿ, ‘ಇವರು ಯಾರು’ ಅಂತ ಬೇರೆ ಕಡೆ ವಿಚಾರಿಸಿದರು. ನಮ್ಮ ಹುಡುಗರಿಗೆ ಇದು ಹೊಸದೇನಲ್ಲ. ಗಂಡಿನ ಕಡೆಯವರ ಬಗ್ಗೆ ಅಜ್ಜಿ ಊರೆಲ್ಲಾ ವಿಚಾರಿಸುವುದೂ ಹೀಗೇ ಅಲ್ವಾ.

ಇನ್ನು ಒಂದು ಅಪಾಯ. ನಾಲ್ಕು ಸಲ ಇಂಥ ಪಾಠ ಆದ ಮೇಲೆ ಮಕ್ಕಳು ‘ಎಲ್ಲಾ ಸುಳ್ಳೇ ಸರ್, ಪೇಪರ್‌ನವರು ದುಡ್ಡು ತಗೊಂಡು ಬರೀತಾರೆ’ ಅನ್ನಲು ಶುರು ಮಾಡುತ್ತಾರೆ. ನೋಡಲು ಜಾಣತನದಂತೆ ಕಾಣುತ್ತದೆ. ನನ್ನ ಪ್ರಕಾರ ಎಲ್ಲವನ್ನೂ ನಂಬುವುದಕ್ಕಿಂತ ಇದು ಕೆಟ್ಟದ್ದು, ಯಾಕೆಂದರೆ ಯಾವುದನ್ನೂ ನಂಬದವನು ಕೊನೆಗೆ ತನಗೆ ಇಷ್ಟವಾದದ್ದನ್ನೇ ನಂಬುತ್ತಾನೆ. ಅನುಮಾನ ಕಲಿಸುವುದು ಸುಲಭ. ಯಾರನ್ನು, ಎಷ್ಟು, ಯಾವ ವಿಷಯಕ್ಕೆ ನಂಬಬಹುದು ಅಂತ ಕಲಿಸುವುದೇ ಕಷ್ಟದ ಕೆಲಸ.

ಇದಕ್ಕೆ ನನಗೆ ದಾರಿ ತೋರಿಸಿದವರು ಕಾರವಾರದ ಬೈತಖೋಲ್ ಕಡೆಯ ಮೀನುಗಾರರ ಮಕ್ಕಳು. ‘ಬೋಟು ಇಳಿಸುವ ಮುಂಚೆ ನಿಮ್ಮ ಅಪ್ಪ ಯಾರ ಮಾತು ಕೇಳ್ತಾರೆ?’ ಅಂದೆ. ಹವಾಮಾನ ಇಲಾಖೆ ಅಂದರು, ತಾಂಡೇಲ (ಬೋಟು ನಡೆಸುವ ಮುಖ್ಯಸ್ಥ) ಅಂದರು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ದೊಡ್ಡ ಅಲೆಯ ಎಚ್ಚರಿಕೆ, ಮೀನು ಸಿಗಬಹುದಾದ ಜಾಗದ ಮಾಹಿತಿ ಕೊಡುತ್ತದೆ, ಅದನ್ನೂ ಹೇಳಿದರು. ಅದು ಅವರ ಮನೆಗೆ ಬರುವುದು ವಾಟ್ಸಾಪಿನಲ್ಲೇ! ‘ವಾಟ್ಸಾಪ್ ನಂಬಬೇಡಿ’ ಅಂತ ನಾವು ಸುಮ್ನೆ ಹೇಳಿಬಿಟ್ಟರೆ ಆ ಮಗು ಮನೆಗೆ ಹೋಗಿ ಏನು ಹೇಳಬೇಕು? ಒಬ್ಬ ಹುಡುಗ ಎದ್ದು, ‘ಸರ್, ಗಾಳಿ ಜೋರು ಅಂತ ಹೇಳಿದ ದಿನ ಕೆಲವು ಸಲ ಗಾಳಿನೇ ಇರಲ್ಲ. ಆದ್ರೂ ಅಪ್ಪ ಕೇಳ್ತಾರೆ’ ಅಂದ. ಯಾಕೆ ಕೇಳುತ್ತಾರೆ? ಆ ಪೀರಿಯಡ್ ಪೂರ್ತಿ ಇದರಲ್ಲೇ ಹೋಯಿತು. ಇಲಾಖೆಯವರು ಹೆಸರು ಹಾಕಿ ಹೇಳುತ್ತಾರೆ, ಯಾವ ದಿನಕ್ಕೆ ಅಂತ ಹೇಳುತ್ತಾರೆ, ಪರಿಸ್ಥಿತಿ ಬದಲಾದರೆ ಮತ್ತೆ ಹೇಳುತ್ತಾರೆ, ಸುಳ್ಳು ಹೇಳಿ ಅವರಿಗೆ ಆಗಬೇಕಾದ್ದು ಏನೂ ಇಲ್ಲ. ಇದೆಲ್ಲ ಮಕ್ಕಳ ಬಾಯಿಂದಲೇ ಬಂತು, ನಾನು ಬೋರ್ಡ್ ಮೇಲೆ ಬರೆದೆ ಅಷ್ಟೇ. ಕುಮಟಾದಲ್ಲಿ ನಿಮಗೂ ಅಂಥ ಮಕ್ಕಳು ಸಿಗುತ್ತಾರೆ. ಶಿರಸಿ ಕಡೆಯಾದರೆ ಅಡಿಕೆ ರೇಟು ಕೇಳಿ ನೋಡಿ, ಅದೇ ಚರ್ಚೆ ಆಗುತ್ತದೆ.

ವಾಟ್ಸಾಪಿನ ಎರಡು ಬಾಣದ ಗುರುತನ್ನು ಬೋರ್ಡ್ ಮೇಲೆ ಬರೆದು ತೋರಿಸಿ. ಐದು ಕೈ ದಾಟಿ ಬಂದ ಮೆಸೇಜಿಗೆ ಅದು ಬೀಳುತ್ತದೆ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದು ಗ್ರೂಪಿಗೆ ಮಾತ್ರ ಕಳಿಸಬಹುದು. ಬಾಣ ಇದ್ದರೆ ಸುಳ್ಳು ಅಂತಲ್ಲ. ಕಳಿಸಿದ ಚಿಕ್ಕಪ್ಪ ಅದನ್ನು ಬರೆದವರಲ್ಲ, ಅಷ್ಟು ಮಾತ್ರ ಖಚಿತ.

ಸುಳ್ಳಿನ ಮಾತು ಬಿಟ್ಟು ಇನ್ನೊಂದು ಪಾಠ ಇದೆ. ನನಗೆ ಅದೇ ಜಾಸ್ತಿ ಮುಖ್ಯ. ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು 2024ರ ಜುಲೈ 16ಕ್ಕೆ. ಅದರಲ್ಲಿ ಕಾಣೆಯಾದ ಕೇರಳದ ಲಾರಿ ಚಾಲಕನ ಹುಡುಕಾಟವನ್ನು ಮಲಯಾಳಂ ಚಾನೆಲ್‌ಗಳು ದಿನಗಟ್ಟಲೆ ತೋರಿಸಿದವು. ಸೆಪ್ಟೆಂಬರ್ 25ಕ್ಕೆ ಗಂಗಾವಳಿ ಹೊಳೆಯಲ್ಲಿ ಲಾರಿ ಸಿಕ್ಕಿದ್ದು ದೇಶಕ್ಕೆಲ್ಲ ಗೊತ್ತಾಯಿತು. ಹೆದ್ದಾರಿ ಬದಿಯ ಚಹಾ ಅಂಗಡಿಯ ಕುಟುಂಬದ ಕತೆ, ಹೊಳೆಯಾಚೆ ಉಳುವರೆಯಲ್ಲಿ ನೀರು ನುಗ್ಗಿ ಮನೆ ಹೋದವರ ಕತೆ ಅಷ್ಟು ದೂರ ಹೋಗಲಿಲ್ಲ. ತೋರಿಸಿದ್ದೂ ನಿಜ, ತೋರಿಸದೇ ಬಿಟ್ಟದ್ದೂ ನಿಜ. ಗ್ರಂಥಾಲಯದಲ್ಲಿ ಹಳೆ ಪೇಪರಿನ ಕಟ್ಟು ಉಳಿದಿದ್ದರೆ ಆ ವಾರದ್ದು ತೆಗೆಸಿ. ಬೆಂಗಳೂರಿನ ಪೇಪರು ಒಂದು, ನಮ್ಮ ಜಿಲ್ಲೆಯ ‘ಕರಾವಳಿ ಮುಂಜಾವು’ ಅಥವಾ ‘ಲೋಕಧ್ವನಿ’ ಒಂದು ಪಕ್ಕಪಕ್ಕ ಇಟ್ಟು, ಯಾರ ಹೆಸರು ಎಷ್ಟು ಸಲ ಬಂದಿದೆ ಎಣಿಸಲು ಹೇಳಿ. ಆದರೆ ಆ ಕಡೆಯ ಸಂಬಂಧ ಇರುವ ಮಗು ಕ್ಲಾಸಿನಲ್ಲಿದೆಯಾ ಅಂತ ಮೊದಲೇ ತಿಳಿದುಕೊಳ್ಳಿ. ಇದ್ದರೆ ಈ ಪಾಠ ಬೇಡ.

ಅದರ ಬದಲು ಕಾರವಾರದ ಕಾಳಿ ಹೊಳೆಯ ಸೇತುವೆ ತೆಗೆದುಕೊಳ್ಳಬಹುದು. ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಹಳೆ ಸೇತುವೆ ಕುಸಿದು ಲಾರಿಯೊಂದು ಹೊಳೆಗೆ ಬಿತ್ತು, ಚಾಲಕ ಬದುಕಿದ. ಇದನ್ನು ಐದು ಸಾಲಿನಲ್ಲಿ ಬರೆಯಲು ಹೇಳಿ, ಒಂದು ಗುಂಪು ಬೆಂಗಳೂರಿನವರಿಗೆ, ಇನ್ನೊಂದು ಹೊಳೆಯಾಚೆಯ ಸದಾಶಿವಗಡದವರಿಗೆ. ಎರಡನೇ ಗುಂಪು ಮೊದಲ ಸಾಲಿನಲ್ಲೇ ‘ಹೊಸ ಸೇತುವೆ ಮೇಲೆ ಬಸ್ಸು ಬಿಡ್ತಾರಾ’ ಅಂತ ಬರೆಯುತ್ತದೆ, ನೋಡಿ ಬೇಕಾದರೆ.

ಕೋಮು ಗಲಾಟೆಯ ಸುದ್ದಿಯನ್ನು ಕ್ಲಾಸಿಗೆ ತರಬೇಡಿ. 2017ರ ಡಿಸೆಂಬರ್‌ನಲ್ಲಿ ಹೊನ್ನಾವರದ ಒಂದು ಸಾವು ಕೊಲೆ ಅಂತ ಹಬ್ಬಿದ ಮಾತಿನಿಂದ ಕುಮಟಾ, ಶಿರಸಿಯವರೆಗೂ ಏನೇನು ಗಲಾಟೆ ಆಯಿತು ಅಂತ ನಿಮಗೆ ನಾನು ಹೇಳಬೇಕಿಲ್ಲ. 2022ರಲ್ಲಿ ಸಿಬಿಐ ಅದು ಆಕಸ್ಮಿಕ ಸಾವು ಅಂತ ವರದಿ ಕೊಟ್ಟಿತು. ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ, ನಿಜ. ಆದರೆ ಹದಿಮೂರು ವರ್ಷದ ಹುಡುಗ ಸಂಜೆ ಮನೆಗೆ ಹೋಗಿ ಅರ್ಧ ಹೇಳಿದರೆ ಮರುದಿನ ನೀವು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮುಂದೆ ಕೂತಿರುತ್ತೀರಿ.

ಮನೆಯ ವಿಷಯ ಬಂತಲ್ಲ, ಮಕ್ಕಳು ಹಿರಿಯರನ್ನು ತಿದ್ದಲು ಹೋಗಿ ಬೈಸಿಕೊಳ್ಳುತ್ತಾರೆ. ‘ಅಜ್ಜ, ಇದು ಸುಳ್ಳು’ ಅಂದರೆ ಮುಗಿಯಿತು. ‘ಅಜ್ಜ, ಇದು ನಿಮಗೆ ಯಾರು ಕಳಿಸಿದ್ದು, ಅವರಿಗೆ ಯಾರು ಹೇಳಿದ್ರಂತೆ?’ ಅಂತ ಕೇಳಲು ಹೇಳಿ.

ಹೆಡ್‌ಮಾಸ್ತರು ‘ಸಿಲೆಬಸ್‌ನಲ್ಲಿ ಇಲ್ಲವಲ್ಲ’ ಅಂದರೆ ಕೇರಳದ ಕಣ್ಣೂರಿನ ಮಾತು ಹೇಳಿ. 2018ರಲ್ಲಿ ಅಲ್ಲಿಯ ಜಿಲ್ಲಾಡಳಿತವೇ ‘ಸತ್ಯಮೇವ ಜಯತೇ’ ಅಂತ ಹೆಸರಿಟ್ಟು ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿಯ ಪಾಠ ಮಾಡಿಸಿತು. ಆದರೂ ಪೀರಿಯಡ್ ಸಿಗದಿದ್ದರೆ ಬೆಳಗಿನ ಪ್ರಾರ್ಥನೆ ಇದ್ದೇ ಇದೆ. ಒಂದು ಮಗು ದಿನಾ ಪೇಪರ್ ಹೆಡ್ಡಿಂಗ್ ಓದುತ್ತದಲ್ಲ, ಪ್ರತಿ ಹೆಡ್ಡಿಂಗ್ ಆದ ಮೇಲೆ ‘ಇದನ್ನು ಹೇಳಿದವರು’ ಅಂತ ಒಂದು ಸಾಲು ಸೇರಿಸಲು ಹೇಳಿ: ಪೊಲೀಸರು, ಸಚಿವರು, ಕಣ್ಣಾರೆ ಕಂಡವರು, ಅಥವಾ ಸುದ್ದಿಯಲ್ಲಿ ಯಾರ ಹೆಸರೂ ಇಲ್ಲ. ಅರ್ಧ ನಿಮಿಷ ಜಾಸ್ತಿ ಹಿಡಿಯುತ್ತದೆ, ಅನುಮತಿ ಪತ್ರವೂ ಬೇಕಾಗುವುದಿಲ್ಲ.