ಮಾಸಾಶನದ ಭಯಕ್ಕೆ ಕೆಲಸ ಬಿಡಬೇಡಿ, ಅರ್ಧ ಕೂಲಿಗೆ ಒಪ್ಪಲೂ ಬೇಡಿ

ತಮ್ಮನಿಗೆ ಒಂದು ಕಾಲಿನ ಸ್ವಾಧೀನ ಇಲ್ಲ, ಶೇ 60 ಅಂಗವಿಕಲತೆಯ ಕಾರ್ಡ್ ಇದೆ, ಸೋಮವಾರಪೇಟೆ ಕಡೆ ಕಾಫಿ ಕಣದಲ್ಲಿ ಅರ್ಧ ಕೂಲಿಗೆ ಕೆಲಸ ಸಿಕ್ಕಿದೆ, ಸೇರಿದರೆ ಮಾಸಾಶನ ನಿಲ್ಲುತ್ತಾ ಅಂತ ಕೇಳಿದ್ದೀರಿ. ನಾನೂ ಪೋಲಿಯೊ ಆದವನು, ತೋಟದಲ್ಲಿ ರೈಟರ್, ಅಂದರೆ ಹಾಜರಿ, ಲೆಕ್ಕ ಬರೆಯುವವನು ಆಗಿದ್ದೇನೆ. ಗೊತ್ತಿರುವುದನ್ನು ಹೇಳುತ್ತೇನೆ.

ನಿಲ್ಲಬಹುದು. ನಮ್ಮ ರಾಜ್ಯದಲ್ಲಿ ಇದಕ್ಕೆ ವಾರ್ಷಿಕ ಆದಾಯ 32,000 ರೂಪಾಯಿ ದಾಟಬಾರದು. ತಮ್ಮನದಷ್ಟೇ ಅಲ್ಲ, ಇಡೀ ಮನೆಯದು. 2025-26ರಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಮನೆಯಲ್ಲಿ ಒಬ್ಬರೇ ನೂರು ದಿನ ದುಡಿದರೂ 37,000. ಸರ್ಕಾರ ಕೊಟ್ಟ ಕೆಲಸ ಪೂರ್ತಿ ಮಾಡಿದರೆ ಸರ್ಕಾರದ ಮಿತಿಯೇ ದಾಟುತ್ತದೆ! ಇದು ಅನ್ಯಾಯ. ದುಡಿಯಲು ಶುರು ಮಾಡಿದ ಮಾತ್ರಕ್ಕೆ ಕ್ಯಾಲಿಪರ್ (ಕಾಲಿಗೆ ಕಟ್ಟುವ ಆಧಾರ ಪಟ್ಟಿ) ಖರ್ಚು, ಆಟೋ ಖರ್ಚು ಕಮ್ಮಿ ಆಗುತ್ತಾ? ಜಾಸ್ತಿನೇ ಆಗುತ್ತದೆ. ಈ ಮಿತಿ ಏರಲೇಬೇಕು.

ಆದರೂ ಲೆಕ್ಕ ಹಾಕಿ. ಶೇ 60 ಇರುವವರಿಗೆ ಬರುವುದು ತಿಂಗಳಿಗೆ 800 ರೂಪಾಯಿ. ಪೂರ್ತಿ ಕೂಲಿ ಸಿಕ್ಕರೆ ಎರಡು ಮೂರು ದಿನದಲ್ಲಿ ಅಷ್ಟು ದುಡಿಯಬಹುದು. ಕೊಯ್ಲು ಮುಗಿದ ಮೇಲೂ ಕೆಲಸ ಇರುತ್ತದಾ ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ.

ಇನ್ನು ಅರ್ಧ ಕೂಲಿ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಕಣದಲ್ಲಿ ಕೂತು ಹಣ್ಣಿನ ರಾಶಿಯಿಂದ ಹಸಿರು ಕಾಯಿ, ಕಡ್ಡಿ, ಎಲೆ ಹೆಕ್ಕುವುದು ಕೈ ಕೆಲಸ, ಕಣ್ಣಿನ ಕೆಲಸ. ಕಾಲಿಗೂ ಅದಕ್ಕೂ ಏನು ಸಂಬಂಧ? ನಾನು ಮೊದಲು ಇದ್ದ ತೋಟದಲ್ಲಿ ಪಕ್ಕದವರಷ್ಟೇ ರಾಶಿ ಮುಗಿಸಿದರೂ ನನಗೆ ಅರ್ಧ ಕೊಡುತ್ತಿದ್ದರು. 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ಅಂಗವಿಕಲ ನೌಕರರನ್ನು ಹೊರಗಿಡಲು ಸರ್ಕಾರಕ್ಕೆ ಅವಕಾಶ ಇಟ್ಟಿದ್ದರು. ಅಲ್ಲೂ ಆದೇಶ ಸರ್ಕಾರದಿಂದ ಬರಬೇಕಿತ್ತು, ಮಾಲೀಕರು ಇಷ್ಟ ಬಂದ ಹಾಗೆ ಕತ್ತರಿಸುವಂತಿರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ತಾರತಮ್ಯ ಬೇಡ ಅನ್ನುತ್ತದೆ.

ಸೇರುವ ಮೊದಲು ಕೂಲಿ ಎಷ್ಟು ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಒಪ್ಪದಿದ್ದರೆ ಕಾರ್ಮಿಕ ನಿರೀಕ್ಷಕರಿಗೆ ದೂರು ಕೊಡಿ. ಆದಾಯ ಮುಚ್ಚಿಡಬೇಡಿ, ಆಮೇಲೆ ತೊಂದರೆ. ಪಂಚಾಯಿತಿಯಲ್ಲಿ ವಿಕಲಚೇತನರ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಆದಾಯ ಪ್ರಮಾಣಪತ್ರ ಮತ್ತು ಕಾರ್ಡ್ ಎರಡನ್ನೂ ಅವರಿಗೆ ತೋರಿಸಿ ಕೇಳಿ.